ನಾಲ್ಕು ಗಂಟು, ಮೂರು ಗಾಜಿನ ಹೂವು

ತಿಪ್ಪೇಶನಿಗೆ ಒಂದು ಅಭ್ಯಾಸ. ಅವ್ವ ಬೈದು ಬುದ್ಧಿ ಹೇಳಿದರೆ ಸಾಕು, ಹೆಗಲ ಮೇಲಿನ ಟವೆಲ್ಲಿನ ಮೂಲೆ ಹಿಡಿದು ಒಂದು ಗಂಟು ಹಾಕಿಕೊಳ್ಳುತ್ತಿದ್ದ. ಗಂಟು ಹಾಕಿ, ಹಲ್ಲಿನಲ್ಲಿ ಕಚ್ಚಿ ಎಳೆದು, ಗಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ 'ಆಯ್ತವ್ವ' ಅನ್ನುತ್ತಿದ್ದ. ಕೆಂಪು ಚೌಕಳಿಯ ದಪ್ಪ ಟವೆಲ್ಲು. ಟವೆಲ್ಲಿಗೆ ನಾಲ್ಕು ಮೂಲೆ. ಹಾಗಾಗಿ ತಿಪ್ಪೇಶನ ಹತ್ತಿರ ಒಂದು ಸಲಕ್ಕೆ ನಾಲ್ಕು ಬುದ್ಧಿಮಾತಿಗೆ ಜಾಗ. ಐದನೆಯದು ಬಂದರೆ ಒಂದನೆಯದನ್ನು ಬಿಚ್ಚಬೇಕು. ಬಿಚ್ಚಿದ ಮಾತು ಗಾಳಿಗೆ ಹೋಯಿತು, ಅದನ್ನು ಮತ್ತೆ ಕೇಳಬಾರದು.

ವಯಸ್ಸು ಇಪ್ಪತ್ತೇಳು. ದಪ್ಪ ಮೀಸೆ. ಎರಡು ಬಿಂದಿಗೆ ನೀರನ್ನು ಎರಡು ಕೈಯಲ್ಲಿ ಹೂವಿನ ಹಾಗೆ ಎತ್ತಿಕೊಂಡು ಬರುತ್ತಿದ್ದ. ಆದರೆ ಬಿಂದಿಗೆ ಎಲ್ಲಿ ಇಳಿಸಬೇಕು ಅಂತ ಹೇಳುವವರೆಗೂ ಎತ್ತಿಕೊಂಡೇ ನಿಂತಿರುತ್ತಿದ್ದ.

"ದೇವರು ನಿಂಗೆ ರಟ್ಟೆ ಕೊಟ್ಟ, ಮೀಸೆ ಕೊಟ್ಟ, ಬುದ್ಧಿ ಕೊಡೋ ಹೊತ್ತಿಗೆ ಕರೆಂಟ್ ಹೋಗಿತ್ತೇನೋ!" ಅನ್ನುತ್ತಿದ್ದಳು ಅವ್ವ ಓಬಮ್ಮ.

ಓಬಮ್ಮನ ಬದುಕೂ ಗಂಟಿನದೇ. ಹಗಲು ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಸಂಜೆಯಾದರೆ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ, ಸೀರೆಯ ಸೆರಗಿಗೆ ರೇಷ್ಮೆ ದಾರದ ಕುಚ್ಚು ಕಟ್ಟುವ ಕೆಲಸ. ಸೆರಗಿನ ಎಳೆ ಹಿಡಿದು, ದಾರ ಸುತ್ತಿ, ಗಂಟು ಬಿಗಿದು, ಮಣಿ ಪೋಣಿಸಿ, ಮತ್ತೊಂದು ಗಂಟು. ಅವಳು ಹಾಕಿದ ಗಂಟು ಮೂರು ಹೆರಿಗೆಯಾದರೂ ಬಿಚ್ಚುತ್ತಿರಲಿಲ್ಲ ಅಂತ ಊರಲ್ಲಿ ಮಾತಿತ್ತು.

ಆ ನಡುಮನೆಯ ಸೂರಿನಲ್ಲಿ ಒಂದು ಫ್ಯಾನು. ಓಬಮ್ಮನ ಮದುವೆಗೆ ಉಡುಗೊರೆ ಬಂದದ್ದು. ಕಾಫಿ ಬಣ್ಣದ ಮೂರು ರೆಕ್ಕೆ, ಹೊಟ್ಟೆಯ ಕೆಳಗೆ ಮೂರು ಗಾಜಿನ ಹೂವು, ಹೂವಿನೊಳಗೆ ಒಂದೊಂದು ಹಳದಿ ಬಲ್ಬು. ಬಂದಾಗ ಓಣಿಯವರೆಲ್ಲ ಸಾಲಾಗಿ ಬಂದು ನೋಡಿ ಹೋಗಿದ್ದರಂತೆ. ಈಗ ಗಾಜಿಗೆ ಒಲೆಯ ಹೊಗೆ ಹಿಡಿದು, ಒಳಗೆ ಸತ್ತ ಹುಳ ತುಂಬಿ, ಹೂವು ಹುರಿದ ಬದನೆಕಾಯಿ ಹಾಗೆ ಕಾಣುತ್ತಿತ್ತು.

ಸೋಮವಾರ ಸಂಜೆ ಪೇಟೆಬೀದಿಯ ಸೀರೆ ಅಂಗಡಿಯ ನಾಗವೇಣಮ್ಮ ಬಂದಳು. ಊರಿಗೆಲ್ಲ ಅವಳು ಶೆಟ್ಟಮ್ಮ. ಓಬಮ್ಮನಿಗೆ ಕುಚ್ಚಿನ ಕೆಲಸ ಕೊಡುವವಳು ಅವಳೊಬ್ಬಳೇ. ಬಂದವಳೇ ಒಂದು ಸೀರೆ ಬಿಚ್ಚಿ ಚಾಪೆಯ ಮೇಲೆ ಹರಡಿದಳು.

"ಏನಮ್ಮ ಇದು ಓಬಮ್ಮ? ಸೀರೆ ಮೆರೂನು, ಕುಚ್ಚು ಕಂದು! ಮದುವೆ ಹುಡುಗಿ ತಾಯಿ ಎಲ್ಲರ ಮುಂದೆ ನನ್ನ ಮುಖದ ಮೇಲೆ ಬಿಸಾಕಿ ಹೋದಳು!"

"ಅಯ್ಯೋ, ಮೆರೂನ್ ದಾರಾನೇ ಕಟ್ಟಿದೀನಲ್ಲ ಶೆಟ್ಟಮ್ಮ!"

ಶೆಟ್ಟಮ್ಮ ತಲೆಯೆತ್ತಿ ಫ್ಯಾನು ನೋಡಿದಳು. ಆ ಮಂಕು ಬೆಳಕು ನೋಡಿದಳು. "ನಿನ್ನ ಕಣ್ಣಿನದಲ್ಲ ತಪ್ಪು, ಇದರದು. ಇದರ ಕೆಳಗೆ ಕೂತರೆ ಹಾಲೂ ಕಾಫಿ ಹಾಗೆ ಕಾಣುತ್ತೆ! ನೋಡಮ್ಮ, ಇಕೋ ಎಂಟು ಸೀರೆ. ಗುರುವಾರ ದೀಪ ಹಚ್ಚೋ ಹೊತ್ತಿಗೆ ನಾನೇ ಬರ್ತೀನಿ. ಇಲ್ಲೇ, ಇದೇ ದೀಪದ ಕೆಳಗೆ ಕೂತು ಬಣ್ಣ ನೋಡ್ತೀನಿ. ಸರಿ ಕಂಡ್ರೆ ವರ್ಷಪೂರ್ತಿ ಕೆಲಸ ನಿಂದು. ಕಾಣದಿದ್ರೆ ಕೆಳಗಿನ ಕೇರಿಯ ಹುಡುಗಿಯರಿಗೆ ಕೊಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ."

ಓಬಮ್ಮ ಲೆಕ್ಕ ಹಾಕಿದಳು. ಹೊಸ ಲೈಟಿನ ಫ್ಯಾನು ತರಲು ಸಾವಿರಗಳು ಬೇಕು. ಅವಳ ಸಾಸಿವೆ ಡಬ್ಬಿಯಲ್ಲಿದ್ದದ್ದು ಮಡಚಿದ ಐನೂರರ ಒಂದೇ ನೋಟು.

ಮಾರನೆಯ ದಿನ ಶಾಲೆಯಿಂದ ಬರುತ್ತಾ ಎಲೆಕ್ಟ್ರಿಕ್ ಅಂಗಡಿಯ ಜಬೀ ಸಾಬರನ್ನು ಕೇಳಿದಳು. ಬಿಳಿ ಗಡ್ಡದ ಸಾಬರು ಕನ್ನಡಕ ಹಣೆಗೇರಿಸಿ ನಕ್ಕರು. "ಗಾಳಿಗೆ ವಯಸ್ಸಾಗಲ್ಲ ಬಿಡ್ರಮ್ಮ. ಫ್ಯಾನು ಅದೇ ಇರ್ಲಿ. ಗಾಜಿನ ಹೂವು ಸೋಪು ಹಾಕಿ ತೊಳೀರಿ. ಬಿಳಿ ಬಲ್ಬು ಮೂರು ಹಾಕಿ. ರೆಕ್ಕೆಗೆ ಒಂದು ಕೈ ಬಿಳಿ ಬಣ್ಣ ಬಳೀರಿ, ಬೆಳಕು ಕೆಳಗೆ ಬೀಳುತ್ತೆ. ನಿಮ್ಮ ನೋಟಲ್ಲಿ ಎಲ್ಲಾ ಮುಗಿದು ಟೀ ಕಾಸೂ ಉಳಿಯುತ್ತೆ."

ಓಬಮ್ಮ ಹಗುರಾದಳು. ಮನೆಗೆ ಬಂದು, ನೋಟು ಚಿಲ್ಲರೆ ಮಾಡಿಸಿ, ಬಲ್ಬಿನಷ್ಟು ದುಡ್ಡು ಮಗನ ಕೈಗಿಟ್ಟಳು.

"ತಿಪ್ಪೇಶ, ಜಬೀ ಸಾಬರ ಅಂಗಡಿಗೆ ಹೋಗು. ಬಿಳಿ ಬಲ್ಬು ಮೂರು ತಗೋ. ಉರಿಯೋವೇ ನೋಡಿ ತಗೊಂಡು ಬಾ."

"ಉರಿಯೋವೇ ನೋಡಿ ತಗೊಂಡು ಬರ್ತೀನಿ," ಅಂದ ತಿಪ್ಪೇಶ. ದಾರಿಯುದ್ದಕ್ಕೂ ಅಂದುಕೊಂಡ. ಉರಿಯೋವೇ ನೋಡಿ. ಉರಿಯೋವೇ ನೋಡಿ.

ಸಾಬರು ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರು. ಝಗ್! ಅಂಗಡಿಯೆಲ್ಲ ಬೆಳಕು. ತಿಪ್ಪೇಶ ಬಾಯಿ ಬಿಟ್ಟು ನೋಡಿದ. ಸಾಬರು ಬಲ್ಬು ಬಿಚ್ಚಿ ಅವನ ಕೈಗಿಟ್ಟರು. ಬೆಳಕಿಲ್ಲ!

"ಸಾಬ್ರೇ, ಸತ್ತೋಯ್ತು."

"ಸತ್ತಿಲ್ಲಪ್ಪ, ನೋಡು." ಸಿಕ್ಕಿಸಿದರು. ಝಗ್! ಬಿಚ್ಚಿ ಕೊಟ್ಟರು. ಬೆಳಕಿಲ್ಲ!

"ಇನ್ನೊಂದು ಕೊಡಿ ಸಾಬ್ರೇ." ಸಿಕ್ಕಿಸಿದರು. ಝಗ್! ಬಿಚ್ಚಿದರು. ಬೆಳಕಿಲ್ಲ!

ಮೂರನೆಯದೂ ಹಾಗೇ. ತಿಪ್ಪೇಶ ಬಲ್ಬನ್ನು ಕಿವಿಯ ಹತ್ತಿರ ಹಿಡಿದು ಕೇಳಿದ. ಅಂಗೈಯಲ್ಲಿ ಮುಚ್ಚಿ ಸಂದಿಯಿಂದ ಇಣುಕಿದ. ಬಲ್ಬಿನೊಳಗೆ ಇಲ್ಲ. ಹೋಲ್ಡರಿನೊಳಗೂ ಇಲ್ಲ. ಬೆಂಚಿನ ಕೆಳಗೆ ಬಗ್ಗಿ ನೋಡಿದ. ಅಲ್ಲೂ ಇಲ್ಲ.

"ಸಾಬ್ರೇ, ಆರಿದಾಗ ಬೆಳಕು ಎಲ್ಲಿಗೆ ಹೋಗುತ್ತೆ?"

"ಗಿರಾಕಿ ನಿಂತಿದಾರೆ, ದುಡ್ಡು ಕೊಟ್ಟು ಹೊರಡಪ್ಪ!"

ತಿಪ್ಪೇಶ ಯೋಚಿಸಿದ. ದುಡ್ಡು ಕೊಟ್ಟ. ಮೂರೂ ಬಲ್ಬನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ನಿಮ್ಮ ಹತ್ರ ಇದ್ರೆ ಉರಿಯುತ್ತೆ, ನನ್ನ ಹತ್ರ ಬಂದ್ರೆ ಉರಿಯಲ್ಲ. ನಿಮ್ಮನ್ನ ಬಿಟ್ಟಿರಕ್ಕೆ ಆಗಲ್ಲ ಅವಕ್ಕೆ. ಇಲ್ಲೇ ಇರ್ಲಿ ಬಿಡಿ, ಪಾಪ." ಅಂದವನೇ ಹೊರಟ.

"ಏ ತಮ್ಮಾ! ಬಲ್ಬು! ಏ!"

ತಿಪ್ಪೇಶ ತಿರುಗಿ ಕೈಬೀಸಿ ಬಂದ.

"ಬಲ್ಬೆಲ್ಲೋ?"

"ಅಂಗಡೀಲಿ."

"ದುಡ್ಡು?"

"ಅದೂ ಅಂಗಡೀಲಿ."

ಓಬಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಬೆಳಕನ್ನ ಬುಟ್ಟೀಲಿ ಹೊತ್ಕೊಂಡು ಬರ್ತಾರೇನೋ? ಬಲ್ಬನ್ನ ತಾನೇ ತರೋದು! ಕೇಳಿಲ್ಲಿ. ಯಾರ ಹತ್ರ ಏನು ತಂದ್ರೂ, ಬಟ್ಟೇಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು, ಮೆಲ್ಲಗೆ ಹೆಜ್ಜೆ ಇಟ್ಕೊಂಡು ಬರ್ಬೇಕು. ತಿಳೀತಾ?"

ಒಗೆಯಲು ಹಳೇ ಗಂಟೆಲ್ಲ ಬಿಚ್ಚಿದ್ದ ಟವೆಲ್ಲಿನ ಮೊದಲ ಮೂಲೆಗೆ ತಿಪ್ಪೇಶ ಗಂಟು ಹಾಕಿದ. ಹಲ್ಲಿನಲ್ಲಿ ಎಳೆದ. ಗಟ್ಟಿ. "ಆಯ್ತವ್ವ. ಅವ್ವಾ, ಆರಿದಾಗ ಬೆಳಕು ಎಲ್ಲಿಗೆ ಹೋಗುತ್ತೆ?"

"ನಿನ್ನ ತಲೆಗಂತೂ ಬರಲ್ಲ! ಹೋಗು, ನೀರು ತಗೊಂಡು ಬಾ!"

ಬುಧವಾರ ಬೆಳಗಾಯಿತು. ಬಲ್ಬನ್ನು ಸಂಜೆ ತಾನೇ ತರುತ್ತೇನೆ, ಅಷ್ಟರಲ್ಲಿ ಗಾಜಿನ ಹೂವಾದರೂ ತೊಳೆದಿಡೋಣ ಅಂದುಕೊಂಡಳು ಓಬಮ್ಮ. ಹೂವು ಇಳಿಸಲು ಏಣಿ ಬೇಕು.

"ತಿಪ್ಪೇಶ, ಮೇಲಿನ ಬೀದಿ ಸುಣ್ಣ ಬಳಿಯೋ ಮಲ್ಲಣ್ಣನ ಮನೆಗೆ ಹೋಗು. ನಮ್ಮವ್ವ ಕೇಳಿದ್ಳು ಅಂತ ಏಣಿ ಇಸ್ಕೊಂಡು ಬಾ."

ತಿಪ್ಪೇಶ ಹೊರಟ. ಹೊರಡುವಾಗ ಟವೆಲ್ಲಿನ ಗಂಟು ಮುಟ್ಟಿ ನೋಡಿದ. ಏನು ತಂದರೂ ಬಟ್ಟೆ ಸುತ್ತಬೇಕು. ತಂತಿಯ ಮೇಲೆ ಒಣಗುತ್ತಿದ್ದ ಎರಡು ಬಿಳಿ ಹೊದಿಕೆ ಎಳೆದುಕೊಂಡ.

ಮಲ್ಲಣ್ಣನದು ಬಿದಿರೇಣಿ, ಎರಡಾಳುದ್ದ. ತಿಪ್ಪೇಶ ಏಣಿಗೆ ಬಿಳಿ ಹೊದಿಕೆ ಸುತ್ತಿದ. ತಲೆಯಿಂದ ಕಾಲಿನವರೆಗೂ ಸುತ್ತಿದ. ದಾರದಲ್ಲಿ ಅಲ್ಲಲ್ಲಿ ಕಟ್ಟಿದ. ಕೂಸಿನ ಹಾಗೆ ಎದೆಗವಚಿಕೊಂಡು, ಮೆಲ್ಲಗೆ, ಒಂದೊಂದೇ ಹೆಜ್ಜೆ ಇಡುತ್ತಾ ನಡೆದ.

ನೀವೇ ಹೇಳಿ, ಬಿದಿರಿಗೆ ಬಿಳಿ ಬಟ್ಟೆ ಸುತ್ತಿ, ಒಬ್ಬ ಮಗ ಎದೆಗವಚಿಕೊಂಡು ತಲೆತಗ್ಗಿಸಿ ನಡೆದರೆ ಜನ ಏನಂದುಕೊಳ್ಳಬೇಕು? ಚಟ್ಟ ಅಂದುಕೊಂಡರು!

"ಅಯ್ಯೋ, ಒಬ್ಬನೇ ಹೊತ್ಕೊಂಡು ಹೋಗ್ತಿದಾನಲ್ಲಪ್ಪ ಪಾಪ!" ಅಂತ ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಎದ್ದು ಬಂದು ಒಂದು ತುದಿಗೆ ಹೆಗಲು ಕೊಟ್ಟ. ಹೋಟೆಲಿನಿಂದ ಇಬ್ಬರು ಬಂದು ಇನ್ನೊಂದು ತುದಿಗೆ ಹೆಗಲು ಕೊಟ್ಟರು.

"ಯಾರಿಗಪ್ಪ?"

"ನಮ್ಮವ್ವಂಗೆ," ಅಂದ ತಿಪ್ಪೇಶ.

"ಅಯ್ಯಯ್ಯೋ, ಓಬಮ್ಮಂಗಾ! ನಿನ್ನೆ ನೋಡಿದ್ನಲ್ಲ! ಏನಾಗಿತ್ತಪ್ಪ?"

"ಸಂಜೆ ಹೊತ್ತು ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ."

"ಪಾಪ, ಪಾಪ!"

ಮಾತು ಏಣಿಗಿಂತ ಮುಂದೆ ಓಡಿತು. ಯಾರೋ ಊದುಬತ್ತಿ ಹಚ್ಚಿದರು. ಯಾರೋ ಹೂವು ಎಸೆದರು. ತಮಟೆಯ ಹನುಮಂತಣ್ಣ ಊಟ ಬಿಟ್ಟು ಬಂದು ಮುಂದೆ ನಿಂತು ಬಾರಿಸಿದ. ಯಾರೋ ಮಂಡಕ್ಕಿ ಎರಚಿದರು. ತಿಪ್ಪೇಶ ಹೆಗಲ ಮೇಲೆ ಬಿದ್ದ ಮಂಡಕ್ಕಿ ಆಯ್ದು ಬಾಯಿಗೆ ಹಾಕಿಕೊಂಡು, "ಖಾರ ಇಲ್ವಲ್ಲ," ಅಂದ.

"ಸಂಕಟಕ್ಕೆ ಮಗನಿಗೆ ಬುದ್ಧಿ ಭ್ರಮಣೆ ಆಗಿದೆ," ಅಂದರು ಹಿಂದಿದ್ದವರು.

ಓಬಮ್ಮ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದಳು. ತಮಟೆ ಕೇಳಿತು. ಪೊರಕೆ ಹಿಡಿದೇ ಬೀದಿಗೆ ಬಂದು, ಸೆರಗು ತಲೆಗೆಳೆದುಕೊಂಡು, ಮೆಲ್ಲಗೆ ಕೇಳಿದಳು: "ಯಾರು ಹೋದ್ರಪ್ಪ?"

ತಮಟೆ ನಿಂತಿತು. ಜನ ನಿಂತರು. ಮುಂದೆ ನಿಂತಿದ್ದ ಒಬ್ಬ ಮುದುಕಿ ಹೇಳಿದಳು:

"ನೀನೇ ಕಣಮ್ಮ."

ಅಷ್ಟರಲ್ಲಿ ಆಟೋ ಬಂತು. ಶೆಟ್ಟಮ್ಮ ಇಳಿದಳು. ಒಂದು ಕೈಯಲ್ಲಿ ಸೇವಂತಿಗೆ ಹಾರ, ಇನ್ನೊಂದು ಕೈಯಲ್ಲಿ ಎಂಟು ಸೀರೆ ಹಿಡಿಸುವಷ್ಟು ದೊಡ್ಡ ಖಾಲಿ ಚೀಲ.

"ಬದುಕಿದೀನಿ ಶೆಟ್ಟಮ್ಮ!" ಅಂತ ಕೂಗಿದಳು ಓಬಮ್ಮ.

ಶೆಟ್ಟಮ್ಮ ಹಾರ ನೋಡಿದಳು, ಚೀಲ ನೋಡಿದಳು, ಓಬಮ್ಮನನ್ನು ನೋಡಿದಳು. "ಒಳ್ಳೇದಾಯ್ತಮ್ಮ. ಸೀರೆ ಎಲ್ಲಾ ಹುಷಾರಾಗಿವೆ ತಾನೇ? ಹಂಗಾದ್ರೆ ನಾಳೆ ಸಂಜೆ ಬರ್ತೀನಿ. ದೀಪ ನೋಡಿಯೇ ಮಾತು." ಹಾರವನ್ನು ಏನು ಮಾಡಬೇಕೋ ತಿಳಿಯದೆ ಬಾಗಿಲ ಚಿಲಕಕ್ಕೆ ಹಾಕಿ ಹೊರಟುಹೋದಳು.

ಜನ ಚದುರಿದರು. ಅರ್ಧ ಗಡ್ಡದವನು ಉಳಿದರ್ಧಕ್ಕೆ ಓಡಿದ. ಓಬಮ್ಮ ಪೊರಕೆ ಎತ್ತಿದಳು.

"ಹೆತ್ತವಳು ನಿಂತಿರೋವಾಗಲೇ ಚಟ್ಟ ತಂದ್ಯಲ್ಲೋ! ಏಣಿಗೆ ಯಾರಾದ್ರೂ ಬಟ್ಟೆ ಸುತ್ತುತಾರೇನೋ? ಹೆಗಲ ಮೇಲೆ ಅಡ್ಡಕ್ಕೆ ಹೊತ್ಕೊಂಡು, ಇದು ಏನು, ಯಾರಿಗೆ, ಯಾತಕ್ಕೆ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗ್ತಾ ಬರ್ಬೇಕು! ದಾರಿ ಬಿಡಿ, ದಾರಿ ಬಿಡಿ ಅನ್ಬೇಕು! ತಿಳೀತಾ?"

ಎರಡನೆಯ ಮೂಲೆ. ಎರಡನೆಯ ಗಂಟು. ಹಲ್ಲಿನಲ್ಲಿ ಎಳೆದ. ಗಟ್ಟಿ. "ಆಯ್ತವ್ವ."

ಓಬಮ್ಮ ಗಾಜಿನ ಹೂವು ಇಳಿಸಿ ಸೋಪಿನ ನೀರಲ್ಲಿ ನೆನೆಹಾಕಿ ಶಾಲೆಗೆ ಹೋದಳು. ಮೂರು ಗಂಟೆಗೆ ಬಂದು ತೊಳೆದಳು. ಏನಾಶ್ಚರ್ಯ! ಹೊಗೆ ಹೋಯಿತು, ಹುಳ ಹೋಯಿತು. ಗಾಜಿನ ಅಂಚಿನಲ್ಲಿ ತೆಳು ಗುಲಾಬಿ ಗೆರೆ ಇತ್ತು. ಆ ಗೆರೆ ಇದ್ದದ್ದೇ ಅವಳಿಗೆ ಮರೆತುಹೋಗಿತ್ತು. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮನಸ್ಸು ಅರಳಿತು. ಮನಸ್ಸು ಅರಳಿದಾಗ ಮನುಷ್ಯರು ಮಾಡುವ ತಪ್ಪನ್ನೇ ಮಾಡಿದಳು. ಮಗನನ್ನು ಕರೆದಳು.

"ತಿಪ್ಪೇಶ, ಬಸ್ ಸ್ಟ್ಯಾಂಡ್ ಹತ್ರ ಬಣ್ಣದ ಅಂಗಡಿ ಇದೆಯಲ್ಲ, ಅಲ್ಲಿ ಒಂದು ಚಿಕ್ಕ ಡಬ್ಬಿ ಬಿಳಿ ಬಣ್ಣ ತಗೊಂಡು ಬಾ. ಬಿಳೀದೇ ಹೌದೋ ಅಲ್ವೋ ನೋಡಿ ತಗೋ."

ತಿಪ್ಪೇಶ ಹೋದ. ಅಂಗಡಿಯವನು ಸ್ಕ್ರೂಡ್ರೈವರಿನಲ್ಲಿ ಮುಚ್ಚಳ ಎಬ್ಬಿಸಿ ತೋರಿಸಿದ. ಬಿಳಿಯೇ. ತಿಪ್ಪೇಶ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ. ಟವೆಲ್ಲಿನ ಎರಡನೆಯ ಗಂಟು ಮುಟ್ಟಿ ನೋಡಿದ. ಹೆಗಲ ಮೇಲೆ ಅಡ್ಡಕ್ಕೆ. ಡಬ್ಬಿಯನ್ನು ಹೆಗಲ ಮೇಲೆ ಅಡ್ಡಡ್ಡ ಮಲಗಿಸಿದ. ಬಾಯಿ ಹಿಂದಕ್ಕೆ, ತಳ ಮುಂದಕ್ಕೆ. ಕೂಗುತ್ತಾ ನಡೆದ.

"ಇದು ಬಿಳಿ ಬಣ್ಣ! ನಮ್ಮವ್ವ ಓಬಮ್ಮಂಗೆ! ಫ್ಯಾನಿನ ರೆಕ್ಕೆಗೆ! ನಮ್ಮವ್ವ ಬದುಕಿದಾಳೆ! ದಾರಿ ಬಿಡಿ, ದಾರಿ ಬಿಡಿ!"

ಜನ ದಾರಿ ಬಿಟ್ಟರು. ಹಿಂದೆ ಬಣ್ಣ ತೊಟ್ಟಿಕ್ಕಿತು. ತೊಟ್ಟಿಕ್ಕಿ ತೊಟ್ಟಿಕ್ಕಿ ಗೆರೆಯಾಯಿತು. ಬಸ್ ಸ್ಟ್ಯಾಂಡಿನಿಂದ ಪೇಟೆಬೀದಿ, ಪೇಟೆಬೀದಿಯಿಂದ ಜಬೀ ಸಾಬರ ಅಂಗಡಿ, ಅಲ್ಲಿಂದ ಓಣಿ. ನಡುರಸ್ತೆಯಲ್ಲಿ ಬಿಳಿ ಗೆರೆ ಕಂಡು ಆಟೋದವರು ಹೋಗುವವರು ಆಚೆ, ಬರುವವರು ಈಚೆ ಶಿಸ್ತಾಗಿ ಓಡಿಸಿದರು. ಆ ಬೀದಿ ಹುಟ್ಟಿದ ಮೇಲೆ ಅಂಥ ಶಿಸ್ತು ಕಂಡಿರಲಿಲ್ಲ.

ಮನೆಗೆ ಬಂದಾಗ ತಿಪ್ಪೇಶನ ಬೆನ್ನು ಬಿಳಿ, ಚಡ್ಡಿ ಬಿಳಿ, ಹಿಮ್ಮಡಿ ಬಿಳಿ. ಡಬ್ಬಿಯ ತಳದಲ್ಲಿ ಎರಡು ಬೆರಳಷ್ಟು ಬಣ್ಣ. ಟವೆಲ್ಲು ಮಾತ್ರ ಇನ್ನೊಂದು ಹೆಗಲ ಮೇಲಿದ್ದು ಉಳಿದುಕೊಂಡಿತ್ತು.

"ಮುಚ್ಚಳ ಎಲ್ಲೋ?"

"ಜೇಬಲ್ಲಿ ಜೋಪಾನವಾಗಿದೆ ಅವ್ವ."

ಓಬಮ್ಮ ಅಳಲಿಲ್ಲ. ಅಳಲು ಹೊತ್ತಿರಲಿಲ್ಲ. ಅಡುಗೆಮನೆಯಿಂದ ಉಪ್ಪಿನಕಾಯಿ ಜಾಡಿ ತಂದು ಅವನ ಮುಂದೆ ಕುಕ್ಕಿದಳು.

"ನೋಡಿಲ್ಲಿ, ಕಣ್ಬಿಟ್ಟು ನೋಡು! ಹೀಗೆ ಮುಚ್ಚಳ ಇಡ್ಬೇಕು. ಮುಚ್ಚಳದ ಮೇಲೆ ಹೀಗೆ ಬಟ್ಟೆ ಹಾಕ್ಬೇಕು. ಬಟ್ಟೆ ಸುತ್ತ ಹೀಗೆ ದಾರ ಬಿಗೀಬೇಕು. ಒಳಗಿನದು ಒಂದು ತೊಟ್ಟೂ ಹೊರಗೆ ಹೋಗ್ಬಾರದು! ಚೆಲ್ಲಿ ಹೋಗ್ತಿದ್ರೆ ನೋಡ್ಕೊಂಡು ನಿಲ್ಲಬಾರದು, ಮುಚ್ಬೇಕು! ತಿಳೀತಾ?"

ಮೂರನೆಯ ಮೂಲೆ. ಮೂರನೆಯ ಗಂಟು. ಇದನ್ನು ಎರಡು ಸಲ ಎಳೆದ. ಗಟ್ಟಿ. "ಆಯ್ತವ್ವ."

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಜಬೀ ಸಾಬರು! ಕೈಯಲ್ಲಿ ಮೂರು ಬಲ್ಬಿನ ಡಬ್ಬಿ, ಬಗಲಲ್ಲಿ ಸಾಮಾನಿನ ಚೀಲ.

"ನಿನ್ನೆಯಿಂದ ನಿಮ್ಮ ಮನೆ ಹುಡುಕ್ತಿದೀನಮ್ಮ. ದುಡ್ಡು ಕೊಟ್ಟು ಬಲ್ಬು ಬಿಟ್ಟು ಹೋದ ಗಿರಾಕೀನ ನನ್ನ ಜನ್ಮದಲ್ಲಿ ಕಂಡಿರ್ಲಿಲ್ಲ. ಇವತ್ತು ಕೂಗ್ತಾ ಹೋದ, ನಾನು ಅಂಗಡಿ ಬಾಗಿಲೆಳೆದು ಗೆರೆ ಹಿಡ್ಕೊಂಡು ಬಂದೆ. ಗೆರೆ ನಿಮ್ಮ ಹೊಸ್ತಿಲಿಗೇ ಮುಗೀತು."

ಓಬಮ್ಮ ಮಗನನ್ನು ನೋಡಿದಳು. ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯಲಿಲ್ಲ. ತಟ್ಟೋಣವೆಂದರೆ ಬೆನ್ನ ತುಂಬ ಬಣ್ಣ.

ಸಾಬರು ಮೈನ್ ಸ್ವಿಚ್ ಆರಿಸಿ, ಏಣಿ ಹತ್ತಿ, ಹಳೇ ಹೋಲ್ಡರು ಬಿಗಿಮಾಡಿ, ತೊಳೆದ ಹೂವು ಕೂರಿಸಿ, ಬಿಳಿ ಬಲ್ಬು ಹಾಕಿದರು. ಉಳಿದ ಎರಡು ಬೆರಳು ಬಣ್ಣವನ್ನು ಓಬಮ್ಮ ಬಳಿದಳು. ಒಂದು ರೆಕ್ಕೆಗೆ ಸಾಕಾಯಿತು. ಒಂದು ಬಿಳಿ, ಎರಡು ಕಾಫಿ. "ಇರ್ಲಿ ಬಿಡಮ್ಮ, ತಿರುಗುವಾಗ ಯಾರು ಎಣಿಸ್ತಾರೆ!" ಅಂದರು ಸಾಬರು.

ಸ್ವಿಚ್ ಒತ್ತಿದರು. ಝಗ್!

ನಡುಮನೆ ಹಗಲಾಯಿತು. ಮೂಲೆಯ ಜೇಡರ ಬಲೆ ಕಂಡಿತು. ಗೋಡೆಯಲ್ಲಿ ತಿಪ್ಪೇಶ ಚಿಕ್ಕಂದಿನಲ್ಲಿ ಬರೆದ ಸೊಟ್ಟ ಬಸ್ಸು ಕಂಡಿತು. ಓಬಮ್ಮ ಸೀರೆಗಳನ್ನು ತಂದು ಚಾಪೆಯ ಮೇಲೆ ಹರಡಿದಳು. ಸೋಮವಾರ ರಾತ್ರಿಯೇ ಕಟ್ಟಿ ಮುಗಿಸಿದ್ದ ಮೂರು ಸೀರೆಯಲ್ಲಿ ಎರಡಕ್ಕೆ ಬಣ್ಣ ತಪ್ಪಿತ್ತು! ಹಸಿರೆಂದುಕೊಂಡದ್ದು ನೀಲಿ. ಚಿನ್ನದ್ದೆಂದುಕೊಂಡದ್ದು ಬರೀ ಹಳದಿ.

"ಈ ಬೆಳಕು ಬರದಿದ್ರೆ ನಾಳೆ ನನ್ನ ಮಾನ ಹೋಗ್ತಿತ್ತು ಸಾಬ್ರೇ," ಅಂದಳು. ಅಲ್ಲೇ ಕೂತು ಬಿಚ್ಚತೊಡಗಿದಳು.

ಸಾಬರು ಟೀ ಕುಡಿದು ಎದ್ದರು. ತಿಪ್ಪೇಶ ಅವರ ಹಿಂದೆಯೇ ಬಾಗಿಲವರೆಗೆ ಹೋದ.

"ಸಾಬ್ರೇ, ಆರಿದಾಗ ಬೆಳಕು ಎಲ್ಲಿಗೆ ಹೋಗುತ್ತೆ?"

ಸಾಬರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. ಗಡ್ಡ ನೀವಿಕೊಂಡರು. "ನಲವತ್ತು ವರ್ಷದಿಂದ ಬಲ್ಬು ಮಾರ್ತಿದೀನಿ ಕಣಪ್ಪ. ಒಬ್ರೂ ಕೇಳಿರ್ಲಿಲ್ಲ." ಹೊಸ್ತಿಲಿನಾಚೆ ಬಿದ್ದ ಬೆಳಕನ್ನು ನೋಡಿ, ಗೆರೆ ಹಿಡಿದುಕೊಂಡೇ ವಾಪಸು ಹೋದರು.

ಗುರುವಾರ ಬಂತು. ಓಬಮ್ಮ ಶಾಲೆಗೆ ರಜೆ ಹಾಕಿ ಕಟ್ಟಿದಳು. ಬೆರಳು ಊದಿದವು. ಹೊತ್ತು ಮುಳುಗುವ ಹೊತ್ತಿಗೆ ಎಂಟೂ ಸೀರೆ ಮುಗಿದವು. ಲೈಟು ಹಾಕಿ, ಒಂದೊಂದೇ ಕುಚ್ಚು ಹಿಡಿದು ನೋಡಿದಳು. ಮೆರೂನಿಗೆ ಮೆರೂನು. ಹಸಿರಿಗೆ ಹಸಿರು. ಒಂದು ಎಳೆಯೂ ತಪ್ಪಿಲ್ಲ.

ಆಗ ನೆನಪಾಯಿತು. ಶೆಟ್ಟಮ್ಮನಿಗೆ ಕಾಫಿ ಕೊಡಲು ಹಾಲಿಲ್ಲ.

ಮಗನನ್ನು ಹಾಲಿಗೆ ಕಳಿಸಲೇ ಅಂದುಕೊಂಡಳು. ಬಟ್ಟೆ ಸುತ್ತಿದ ಏಣಿ ನೆನಪಾಯಿತು. ಬಿಳಿ ಗೆರೆ ನೆನಪಾಯಿತು. ಬೇಡಪ್ಪ, ನಾನೇ ಹೋಗ್ತೀನಿ ಅಂತ ಚೊಂಬು ಎತ್ತಿಕೊಂಡಳು.

"ತಿಪ್ಪೇಶ, ನೀನು ಮನೇಲಿರು. ಈ ಬೆಳಕೇ ನಮ್ಮ ಅನ್ನ ಕಣೋ. ಶೆಟ್ಟಮ್ಮ ಬರೋವರೆಗೂ ಜೋಪಾನವಾಗಿ ನೋಡ್ಕೋ. ಅವರು ಬಂದ್ರೆ ಕುರ್ಚಿ ತೋರ್ಸು, ಸೀರೆ ಕೈಗೆ ಕೊಡು. ತುಟಿ ಮಾತ್ರ ಬಿಚ್ಚಬೇಡ! ನೀನು ಬಾಯಿ ಬಿಟ್ರೆ ನಾನು ಸಾಯ್ತೀನಿ, ಊರೆಲ್ಲ ತಮಟೆ ಹೊಡೀತಾರೆ. ನಾನು ಬರೋವರೆಗೂ ಯಾರು ಏನು ಕೇಳಿದ್ರೂ ಒಂದು ಮಾತೂ ಆಡ್ಬೇಡ. ತಿಳೀತಾ?"

ನಾಲ್ಕನೆಯ ಮೂಲೆ. ನಾಲ್ಕನೆಯ ಗಂಟು. ಹಲ್ಲಿನಲ್ಲಿ ಎಳೆದ. ಗಟ್ಟಿ. 'ಆಯ್ತವ್ವ' ಅನ್ನಲು ಬಾಯಿ ತೆರೆದವನು, ತಕ್ಷಣ ಮುಚ್ಚಿಕೊಂಡು ತಲೆಯಾಡಿಸಿದ. ಓಬಮ್ಮನಿಗೆ ಸಮಾಧಾನವಾಯಿತು. ಮೊದಲ ಸಲ ಮಗನಿಗೆ ಹೇಳಿದ್ದು ನಾಟಿತಲ್ಲ ಅಂದುಕೊಂಡು ಹೋದಳು.

ತಿಪ್ಪೇಶ ಬೆಳಕನ್ನು ನೋಡುತ್ತಾ ಕೂತ. ಹೂವಿನಿಂದ ಬೆಳಕು ಇಳಿಯುತ್ತಿತ್ತು. ಚಾಪೆಯ ಮೇಲೆ ಬಿತ್ತು, ಸರಿ. ಸೀರೆಯ ಮೇಲೆ ಬಿತ್ತು, ಸರಿ. ಅಲ್ಲಿಂದ ಹೊಸ್ತಿಲಿಗೆ ಹೋಯಿತು. ಹೊಸ್ತಿಲು ದಾಟಿತು!

ತಿಪ್ಪೇಶ ಎದ್ದು ಹಿಂದೆಯೇ ಹೋದ. ಬೆಳಕು ಮೆಟ್ಟಿಲಿಳಿದಿತ್ತು. ಚರಂಡಿಯ ಕಲ್ಲು ದಾಟಿತ್ತು. ಹೆಜ್ಜೆ ಎಣಿಸಿದ. ಒಂದು, ಎರಡು, ಏಳು, ಹದಿನಾಲ್ಕು. ಎದುರು ಮನೆಯವರ ಗೋಡೆ ಹತ್ತಿತ್ತು! ಅವರ ಮೇಕೆ ಅವ್ವನ ಬೆಳಕಿನಲ್ಲಿ ಆರಾಮಾಗಿ ಕೂತು ಮೆಲುಕು ಹಾಕುತ್ತಿತ್ತು. ಒಳಗೆ ಓಡಿ ಬಂದ. ಕಿಟಕಿಯಿಂದಲೂ ಹೋಗುತ್ತಿದೆ! ಹೆಂಚಿನ ಸಂದಿಯಿಂದಲೂ!

ಓಹೋ! ಆಗ ತಿಪ್ಪೇಶನಿಗೆ ತಿಳಿಯಿತು. ಮೂರು ದಿನದಿಂದ ಕೇಳುತ್ತಿದ್ದ ಮಾತಿಗೆ ಉತ್ತರ ಸಿಕ್ಕಿತು. ಬೆಳಕು ಎಲ್ಲಿಗೂ ಒಮ್ಮೆಲೇ ಹೋಗುವುದಿಲ್ಲ. ಹೀಗೇ ಸಣ್ಣಗೆ ಸೋರಿ ಸೋರಿ ಖಾಲಿಯಾಗುತ್ತದೆ! ಶೆಟ್ಟಮ್ಮ ಬರುವ ಹೊತ್ತಿಗೆ ತಳದಲ್ಲಿ ಎರಡು ಬೆರಳಷ್ಟು ಉಳಿದರೆ ಅವ್ವನ ಗತಿ?

ಮೂರನೆಯ ಗಂಟು ಮುಟ್ಟಿದ. ಚೆಲ್ಲಿ ಹೋಗ್ತಿದ್ರೆ ನೋಡ್ಕೊಂಡು ನಿಲ್ಲಬಾರದು.

ಅಡುಗೆಮನೆಗೆ ಓಡಿದ. ಸಾಸಿವೆ ಡಬ್ಬಿಯ ಮುಚ್ಚಳ, ಕಡಲೆಬೇಳೆ ಡಬ್ಬಿಯ ಮುಚ್ಚಳ, ಸಕ್ಕರೆ ಡಬ್ಬಿಯ ಮುಚ್ಚಳ. ಮೂರು ಸಿಕ್ಕವು. ಬಟ್ಟೆ ಬೇಕಲ್ಲ? ಸೀರೆ ಮುಟ್ಟಲಿಲ್ಲ. ಅಷ್ಟು ಬುದ್ಧಿ ಅವನಿಗಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದ. ಒಂದು ಗಳಿಗೆ ನೋಡಿದ. ಅಡ್ಡಡ್ಡ ಮೂರು ತುಂಡು ಹರಿದ.

ಏಣಿ ಹತ್ತಿದ. ಮೊದಲ ಹೂವಿನ ಬಾಯಿಗೆ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ, ಬಟ್ಟೆ ಹೂವನ್ನೆಲ್ಲ ಮುಚ್ಚುವ ಹಾಗೆ ಸುತ್ತಿ ಅವ್ವನ ಬುಟ್ಟಿಯಲ್ಲಿ ಮಿಕ್ಕಿದ್ದ ರೇಷ್ಮೆ ದಾರ ಬಿಗಿದ. ಮನೆ ಒಂದಿಷ್ಟು ಮಂಕಾಯಿತು. ಎರಡನೆಯ ಹೂವು. ಇನ್ನಷ್ಟು ಮಂಕಾಯಿತು. ಮೂರನೆಯದು ಕಟ್ಟುವಾಗ ಕೈಯೇ ಕಾಣಲಿಲ್ಲ, ಆದರೂ ಗಂಟು ತಪ್ಪಲಿಲ್ಲ. ಓಬಮ್ಮನ ಮಗನಲ್ಲವೇ! ಆ ಕಡೆಯ ತುಂಡಿನಲ್ಲಿ ಎರಡು ಬುದ್ಧಿಮಾತು ಜೋತಾಡಿದವು, ಈ ಕಡೆಯ ತುಂಡಿನಲ್ಲಿ ಎರಡು. ನಡುವಿನ ತುಂಡಿಗೆ ಒಂದೂ ಇರಲಿಲ್ಲ. ಪಾಪ ಅನ್ನಿಸಿ, ಅದಕ್ಕೆ ಮಿಕ್ಕ ದಾರದಲ್ಲಿ ಒಂದು ಕುಚ್ಚು ಕಟ್ಟಿದ.

ಇಳಿದು ಬಂದು ನೋಡಿದ. ಹೊಸ್ತಿಲಲ್ಲಿ ಬೆಳಕಿಲ್ಲ. ಬೀದಿಯಲ್ಲಿ ಬೆಳಕಿಲ್ಲ. ಮೇಕೆ ಕತ್ತಲಲ್ಲಿ ಎದ್ದು ನಿಂತಿತ್ತು. ಒಂದು ತೊಟ್ಟೂ ಹೊರಗೆ ಹೋಗುತ್ತಿರಲಿಲ್ಲ.

ಆಟೋ ನಿಂತಿತು. ಶೆಟ್ಟಮ್ಮ ತಡವರಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು.

"ಓಬಮ್ಮಾ? ಯಾರೂ ಇಲ್ವಾ? ಯಾರದು ಅಲ್ಲಿ ನಿಂತಿರೋದು, ತಿಪ್ಪೇಶನಾ?"

ತಿಪ್ಪೇಶ ತುಟಿ ಬಿಗಿಹಿಡಿದು ತಲೆಯಾಡಿಸಿದ. ಕತ್ತಲಲ್ಲಿ ಯಾರಿಗೆ ಕಾಣಬೇಕು? ಕುರ್ಚಿಯನ್ನು ಅವಳ ಮೊಣಕಾಲಿಗೆ ತಾಗಿಸಿದ. ಶೆಟ್ಟಮ್ಮ ಕೂತಳು. ಎಂಟು ಸೀರೆ ತಂದು ಮಡಿಲಿಗೆ ಇಟ್ಟ.

"ಕರೆಂಟ್ ಹೋಗಿದೆಯೇನಪ್ಪ? ಎದುರು ಮನೇಲಿ ಇದೆಯಲ್ಲ? ನಿಮ್ಮವ್ವ ಎಲ್ಲಿ? ಬಾಯಿಗೇನಾಯ್ತೋ?"

ತಿಪ್ಪೇಶ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಶೆಟ್ಟಮ್ಮ ಕತ್ತಲಲ್ಲೇ ಸೆರಗು ಹುಡುಕಿ ಕುಚ್ಚನ್ನು ಬೆರಳಲ್ಲಿ ಸವರಿದಳು. ಒಂದು ಗಂಟು ಹಿಡಿದು ಎಳೆದಳು. ಇನ್ನೊಂದು ಎಳೆದಳು. "ಗಂಟೇನೋ ಕಲ್ಲಿದ್ದ ಹಾಗಿದೆ," ಅಂದಳು ತನಗೆ ತಾನೇ. "ಇಷ್ಟು ಚೆನ್ನಾಗಿ ಕಟ್ಟೋ ಕೈ ಇನ್ನೆಲ್ಲಿ ಸಿಗುತ್ತೆ. ಬಣ್ಣ ಒಂದು ಸರಿ ಇದ್ದುಬಿಟ್ರೆ..." ಸೀರೆಯನ್ನು ಕಣ್ಣ ಹತ್ತಿರ ತಂದಳು, ದೂರ ಹಿಡಿದಳು. ಕಪ್ಪು ಬಿಟ್ಟು ಏನೂ ಕಾಣಲಿಲ್ಲ.

ತಿಪ್ಪೇಶ ತಲೆಯೆತ್ತಿ ನೋಡಿದ. ಅಲ್ಲಿ ಮೇಲೆ, ಮೂರು ಹೂವಿನ ತುಂಬ, ಅವ್ವನ ಬೆಳಕು ಬಾಯಿವರೆಗೂ ತುಂಬಿಕೊಂಡು ಭದ್ರವಾಗಿತ್ತು. ಅವನ ಎದೆಯೂ ತುಂಬಿ ಬಂತು. ಹೇಳಬೇಕು ಅನ್ನಿಸಿತು. ನಾಲ್ಕನೆಯ ಗಂಟು ಮುಟ್ಟಲು ಹೆಗಲಿಗೆ ಕೈ ಹೋಯಿತು. ಹೆಗಲು ಬರಿದಾಗಿತ್ತು. ಆದರೂ ಮಾತು ಮಾತೇ.

"ಅಪ್ಪಾ ತಿಪ್ಪೇಶ," ಅಂದಳು ಶೆಟ್ಟಮ್ಮ, "ನಾನು ಹೋಗೋ ಮೊದಲು ಒಂದೇ ಒಂದು ಸಲ ಆ ಲೈಟ್ ಹಾಕಪ್ಪ."

ಲೈಟು ಹಾಕಿಯೇ ಇತ್ತು; ತಿಪ್ಪೇಶ ತುಟಿ ಬಿಗಿಹಿಡಿದು, ಆ ಕತ್ತಲಲ್ಲೇ, ತಾನು ಕಟ್ಟಿಟ್ಟ ಮೂರು ಹೂವಿನ ಕಡೆಗೆ ಹೆಮ್ಮೆಯಿಂದ ಬೆರಳು ತೋರಿಸಿದ.